ಸವೆದ ಖಾನೆಗೆ ಜಾಲಿಯ ಪಟ್ಟಿ

ಆಟಿ ತಿಂಗಳ ಮಳೆ ಜಡಿ ಹಿಡಿಯಿತೆಂದರೆ ನಮ್ಮ ಕಡೆಯ ಹಳೆಮನೆಗಳಲ್ಲಿ ಮರದ ಖಾನೆಗಳು ಮುಷ್ಕರ ಹೂಡುವುದು ವಾಚಕರಿಗೆ ತಿಳಿಯದ ಸಂಗತಿಯೇನಲ್ಲ. ಒಂದು ಕೈಯಿಂದ ಎಳೆದರೆ ಬಾರದು. ಎರಡು ಕೈ ಹಾಕಿ, ಕಾಲು ಕೊಟ್ಟು ಜಗ್ಗಿದರೆ ಹಿಡಿ ಮಾತ್ರ ಕಿತ್ತು ಕೈಗೆ ಬರುತ್ತದೆ, ಖಾನೆ ಇದ್ದಲ್ಲೇ ಇರುತ್ತದೆ. ಅದೇ ಖಾನೆ ಕುಂಭ ಮಾಸದ ಬಿಸಿಲಿಗೆ ಲಟಲಟನೆ ಅಲುಗಾಡುತ್ತ, ಮೂತಿ ಕೆಳಗೆ ಹಾಕಿ, ತಳದ ಹಲಗೆಯನ್ನು ಕಳಚಿಕೊಂಡು ನಿಲ್ಲುತ್ತದೆ. ಆಗ ಮನೆಯವರು ಬೇಸತ್ತು ಗುಜರಿಯವನನ್ನು ಕರೆಯುತ್ತಾರೆ. ಅಜ್ಜನ ಕಾಲದ ತೇಗದ ಪೆಟ್ಟಿಗೆ ಕಿಲೋ ಲೆಕ್ಕದ ಸೌದೆಯಾಗಿ ಹೋಗುತ್ತದೆ.

ನಾವು ಹೇಳುತ್ತಿರುವುದು ಮೂರು ನಾಲ್ಕು ಖಾನೆಗಳನ್ನು ಒಂದರ ಮೇಲೊಂದಾಗಿ ಕೂರಿಸಿ ಮಾಡಿದ, ಎದೆಯ ಮಟ್ಟಕ್ಕೆ ಬರುವ ಮರದ ಕಪಾಟಿನ ವಿಷಯ. ಇದಕ್ಕೆ ಸರಿಯಾದ ಒಂದು ಕನ್ನಡ ಹೆಸರು ಬಳಕೆಯಲ್ಲಿ ನಿಂತಂತೆ ಕಾಣುವುದಿಲ್ಲ. ಎಳೆಯುವ ಖಾನೆಗೆ 'ಸೆಳೆಖಾನೆ' ಎಂಬ ಚೆಂದದ ಮಾತಿದೆ, ಆದರೆ ಅದನ್ನು ಮನೆಯಲ್ಲಿ ಆಡುವವರನ್ನು ನಾವು ಕಂಡಿಲ್ಲ. ಮಲಯಾಳದಲ್ಲಿ 'ವಲಿಪ್ಪ್' ಎನ್ನುತ್ತಾರೆ, ವಲಿಕ್ಕುವುದೆಂದರೆ ಎಳೆಯುವುದು, ಸೆಳೆಖಾನೆಯ ಸೋದರಿಯೇ ಸರಿ. ನಮ್ಮ ಮನೆಗಳಲ್ಲಿ 'ಡ್ರಾವರ್'. ಇನ್ನು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟದಲ್ಲಿ ಕನ್ನಡಿಗರೂ ಮರಾಠಿಯಿಂದ ಬಂದ 'ಖಣ' ಎಂಬ ಮಾತನ್ನೇ ಆಡುತ್ತಾರೆ. ಹೋದ ಬೇಸಗೆ ರಜೆಯಲ್ಲಿ ನಾವು ಮೂವರು ಅಧ್ಯಾಪಕರು ಆ ಕಡೆ ಹೋಗಿದ್ದಾಗ ಮನೆಯೊಡತಿ "ಖಣ ಕೆಟ್ಟೈತ್ರಿ" ಎಂದುದನ್ನು ಕೇಳಿ, ರವಕೆಯ ಕಣ ಹರಿಯಿತೇನೋ ಎಂದು ನಮ್ಮಲ್ಲೊಬ್ಬರು ಮರುಕಪಟ್ಟದ್ದುಂಟು.

ಅಕ್ಕಲಕೋಟವೆಂದರೆ ಹೊರಗಿನವರಿಗೆ ಸ್ವಾಮಿ ಸಮರ್ಥರ ಆಲದ ಮರದ ಗುಡಿ. ಸ್ವಾಮಿಗಳು ಅಲ್ಲಿ ದೇಹವಿಟ್ಟದ್ದು 1878ರಲ್ಲಿ. ಊರು 1948ರ ತನಕ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. ಕಾಸರಗೋಡಿನವರಾದ ನಮಗೆ ಅದರೊಡನೆ ಬೇರೊಂದು ನೆಂಟಸ್ತಿಕೆಯಿದೆ. 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ಅಕ್ಕಲಕೋಟವನ್ನೂ ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಒಂದೇ ಉಸಿರಿನಲ್ಲಿ ಹೇಳಿತು. ವರದಿ ಯಾವುದೋ ಖಾನೆಯಲ್ಲಿ ಕಚ್ಚಿಕೊಂಡು ಕುಳಿತದ್ದು ಇಂದಿಗೂ ಹೊರಗೆ ಬಂದಿಲ್ಲ. ಅದನ್ನು ತೆಗೆಯುವ ಬಡಿಗತನ ನಮಗೆ ತಿಳಿಯದು. ಮರದ ಖಾನೆಯನ್ನು ತೆಗೆದು ಸರಿಪಡಿಸುವುದನ್ನು ಮಾತ್ರ ಅಲ್ಲಿ ಎರಡು ದಿನ ಕುಳಿತು ಕಣ್ಣಾರೆ ಕಂಡೆವು.

ಮನೆ ಕಲ್ಲುಮಣ್ಣಿನ ಗೋಡೆಯ ಮಾಳಿಗೆ ಮನೆ, ನೆಲಕ್ಕೆ ಶಹಾಬಾದಿನ ಕಲ್ಲು. ಮನೆಯ ಅಜ್ಜ ಕನ್ನಡ ಶಾಲೆಯ ಮಾಸ್ತರರಾಗಿದ್ದವರು, ಈಗಿಲ್ಲ. ಅವರ ಖಾನೆಪೆಟ್ಟಿಗೆ ನಾಲ್ಕು ಖಣದ್ದು, ಸಾಗವಾನಿಯದು. ಬಯಲುಸೀಮೆಯ ಆ ಊರಿನಲ್ಲಿ ಸಾಗವಾನಿ ಬೆಳೆಯುವುದಿಲ್ಲ. ಬಲ್ಲಾರ್‌ಶಾ ಕಡೆಯಿಂದಲೋ ದಾಂಡೇಲಿ ಕಡೆಯಿಂದಲೋ ಬರಬೇಕು, ಆದುದರಿಂದ ಅಲ್ಲಿ ಅದಕ್ಕೆ ಬೆಲೆಯೂ ಮಾನವೂ ಹೆಚ್ಚು. ಇಷ್ಟಾದರೂ ಮಗ ಅದನ್ನು ಮಾರಲು ನಿಶ್ಚಯಿಸಿದ್ದ. "ಸರ್ರ, ನಾಳಿ ಭಂಗಾರದಾಂವಗ ಕೊಟ್ಟ ಬಿಡೂದೈತಿ, ಎಳದರ ಬರೂದಿಲ್ಲ, ಬಂದರ ಹೋಗೂದಿಲ್ಲ" ಎಂದ. ನಮ್ಮ ಗುಜರಿಗೆ ಅಲ್ಲಿ ಭಂಗಾರವೆನ್ನುತ್ತಾರೆ. ಒಂದು ಮಹಾಪ್ರಾಣದ ಅಂತರದಲ್ಲಿ ಬಂಗಾರ ಭಂಗಾರವಾಗುವುದು ಗಡಿನಾಡಿನ ಸೋಜಿಗ. ಮಾರುವ ಮಾತೆತ್ತಿದರೆ ಮುದುಕಿ ಮಾತ್ರ ಮುಖ ತಿರುಗಿಸಿ ಕೂರುತ್ತಿದ್ದರು. ಆ ಮನೆಯಲ್ಲಿ ಅವರನ್ನು ಎಲ್ಲರೂ 'ಆಯಿ' ಎನ್ನುವರು, ನಾವೂ ಹಾಗೆಯೇ ಕರೆದೆವು. ನಮ್ಮೆದುರು ಆ ಮಾತು ಬೆಳೆಯಬಾರದೆಂದೋ ಏನೋ, ಒಮ್ಮೆ ಬಡಿಗನಿಗೆ ತೋರಿಸಿ ನೋಡೋಣವೆಂದು ಕೊನೆಗೆ ಮಗನೇ ಒಪ್ಪಿದ.

ಬಂದ ಬಡಿಗ ಎಪ್ಪತ್ತರ ಹತ್ತಿರದ ಮನುಷ್ಯ, ಓಣಿಗೆಲ್ಲ 'ಬಡಿಗೇರ ಕಾಕಾ'. ಆತ ಮೊದಲು ಮಾಡಿದ ಕೆಲಸ ನಾಲ್ಕೂ ಖಾನೆಗಳನ್ನು ಹೊರಗೆ ತೆಗೆದು, ಪ್ರತಿಯೊಂದರ ಬೆನ್ನಿಗೂ ಅದು ಕೂರುವ ಜಾಗಕ್ಕೂ ಸೀಸಕಡ್ಡಿಯಿಂದ ಅಂಕಿ ಬರೆದದ್ದು. ಕೈಯಿಂದ ಮಾಡಿದ ಖಾನೆಗಳು ನೋಡಲು ಒಂದೇ ತರ ಇದ್ದರೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಎರಡನೆಯದನ್ನು ಮೂರನೆಯದರ ಗೂಡಿಗೆ ಹಾಕಿ 'ಕಚ್ಚುತ್ತದೆ' ಎಂದು ದೂರುವ ಮನೆಗಳು ನಮ್ಮಲ್ಲೂ ಕಡಿಮೆಯಿಲ್ಲ.

ಅತ್ಯಂತ ಕೆಳಗಿನ ಖಾನೆ ಬಂದಾಗ ಅದರ ಹಿಂದೆ ಪೆಟ್ಟಿಗೆಯ ತಳದಲ್ಲಿ ಕಾಗದಗಳ ಒಂದು ಮುದ್ದೆ ಕಂಡಿತು. ಮೇಲಿನ ಖಾನೆಗಳು ತುಂಬಿ ತುಳುಕಿದಾಗ ಹಿಂಬದಿಯಿಂದ ಜಾರಿ ಬಿದ್ದವು, ವರ್ಷಗಟ್ಟಲೆ ಖಾನೆಯ ಬೆನ್ನಿಗೆ ಸಿಕ್ಕಿ ಅರೆದುಹೋದವು. ಹೆಚ್ಚಿನದು ಅಂಗಡಿಯ ಚೀಟಿ, ಮದುವೆಯ ಕರೆಯೋಲೆ. ನಡುವೆ ಒಂದು ಕನ್ನಡ ಕಾಗದವಿತ್ತು. ಅಂಚೆಲ್ಲ ಬೆಳ್ಳಿಹುಳ ತಿಂದಿತ್ತು, ಮಡಿಕೆಯಲ್ಲಿ ಹರಿದಿತ್ತು. ಅದು ಅಜ್ಜನ ಶಾಲೆ ಬಿಟ್ಟ ದಾಖಲೆ. ಹೆಸರು, ಹುಟ್ಟಿದ ತಾರೀಕು, ಜಾತಿಯ ಸಾಲು ಓದಲು ಬರುವಂತಿದ್ದುವು.

ಅದರ ಬೆಲೆ ಏನೆಂಬುದು ಆ ಮನೆಯ ಹುಡುಗನ ಮುಖ ನೋಡಿದ ನಮಗೆ ಆಮೇಲೆ ತಿಳಿಯಿತು. ಮಹಾರಾಷ್ಟ್ರದಲ್ಲಿ ಮೀಸಲು ವರ್ಗದ ವಿದ್ಯಾರ್ಥಿ ಇಂಜಿನಿಯರಿಂಗಿನಂಥ ಕೋರ್ಸಿಗೆ ಸೇರಲು ಜಾತಿ ಪ್ರಮಾಣಪತ್ರವೊಂದೇ ಸಾಲದು, ಅದು ಸರಿಯೆಂದು ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು. ಇತರ ಹಿಂದುಳಿದ ವರ್ಗದವರಾದರೆ 1967ರ ಅಕ್ಟೋಬರ್ 13ಕ್ಕಿಂತ ಮುಂಚಿನ ದಾಖಲೆ ಕೇಳುತ್ತಾರೆ. ತಂದೆಯದೋ ಅಜ್ಜನದೋ ಶಾಲಾ ದಾಖಲೆ ಇದ್ದರೆ ಸಲೀಸು. ಮೊಮ್ಮಗ ಎರಡು ತಿಂಗಳಿಂದ ಹುಡುಕುತ್ತಿದ್ದದ್ದು ಇದನ್ನೇ. ಮಾರನೆಯ ದಿನ ಪೆಟ್ಟಿಗೆಯ ಜೊತೆಗೆ ಭಂಗಾರದವನ ಕೈಗಾಡಿಯಲ್ಲಿ ಹೋಗಬೇಕಾಗಿದ್ದದ್ದೂ ಇದೇ. ಮರಾಠಿ ಭಾಷಾಂತರ ಮಾಡಿಸಿ ಅರ್ಜಿಗೆ ಸೇರಿಸಿದ್ದಾರೆಂದು ಆಮೇಲೆ ಫೋನಿನಲ್ಲಿ ತಿಳಿಸಿದರು. ಮಾರುವ ಮಾತು ಅಂದೇ ನಿಂತುಹೋಯಿತು.

ಇನ್ನು ರಿಪೇರಿಯ ವಿಷಯ.

ಖಾನೆಯನ್ನು ಬೋರಲು ಹಾಕಿ, ಪಕ್ಕದ ಹಲಗೆಯ ಕೆಳ ಅಂಚಿನ ಮೇಲೆ ನೇರವಾದ ಒಂದು ಕಬ್ಬಿಣದ ಪಟ್ಟಿಯನ್ನು ಇಟ್ಟರು. ಮುಂದಿನ ತುದಿಯಲ್ಲಿ ಪಟ್ಟಿ ಅಂಟಿಕೊಂಡು ಕೂತಿತು. ಹಿಂದಕ್ಕೆ ಹೋಗುತ್ತ ಹೋಗುತ್ತ ಬೆರಳು ತೂರುವಷ್ಟು ಸಂದಿ. ಪೆಟ್ಟಿಗೆಯ ಒಳಗೆ ಖಾನೆ ಜಾರುವ ಅಡಿಪಟ್ಟಿಯನ್ನು ನೋಡಿದರೆ ಅಲ್ಲಿ ಲೆಕ್ಕ ತಿರುವುಮುರುವು, ಮುಂದೆ ತೋಡು ಬಿದ್ದಿದೆ, ಹಿಂದೆ ಹೊಸದರಂತಿದೆ. "ಖಣ ಸವಿಯೂದು ಹಿಂದ, ಪಟ್ಟಿ ಸವಿಯೂದು ಮುಂದ" ಎಂದರು ಕಾಕಾ. ವಿಚಾರ ಮಾಡಿದರೆ ಸರಿಯೇ. ಖಾನೆಯನ್ನು ಎಳೆದಾಗೆಲ್ಲ ಅದರ ಹಿಂಭಾಗ ಅಡಿಪಟ್ಟಿಯ ಉದ್ದಕ್ಕೂ ಉಜ್ಜಿಕೊಂಡು ಬರುತ್ತದೆ. ಅಡಿಪಟ್ಟಿಯ ಮುಂಭಾಗವಾದರೋ ಒಳಹೊರಗೆ ಹೋಗುವ ಇಡೀ ಖಾನೆಯ ಭಾರವನ್ನು ಹೊರುತ್ತದೆ. ಆ ಮನೆಯ ಕೆಳ ಖಾನೆಯಲ್ಲಿ ಏಳೆಂಟು ಸೊಲ್ಲಾಪುರಿ ಚಾದರಗಳನ್ನು ಒತ್ತಿ ತುಂಬಿದ್ದರು. ನೂಲಿನ ದಪ್ಪ ಚಾದರ, ಒಂದೊಂದೂ ತೂಕದ್ದೇ. ಇಷ್ಟು ಭಾರ ಹೊತ್ತ ಮರ ಸವೆಯದೆ ಇನ್ನೇನು? ಸವೆದ ಖಾನೆ ಹಿಂದೆ ತಗ್ಗಿ ಮುಂದೆ ಓರೆಯಾಗುತ್ತದೆ, ತಳ ಅಡ್ಡಪಟ್ಟಿಗೆ ಉಜ್ಜುತ್ತದೆ, ಓರೆಯಾದದ್ದು ಗೂಡಿನ ಮೂಲೆಗೆ ಕಚ್ಚುತ್ತದೆ. ಜಗ್ಗಿದವರು ಒಂದೇ ಹಿಡಿಯನ್ನು ಜಗ್ಗಿದರೆ ಇನ್ನಷ್ಟು ಕಚ್ಚುತ್ತದೆ.

ಸವೆದ ಅಂಚನ್ನು ರಂದಾ ಹಾಕಿ ನೇರ ಮಾಡಿದರು. ನಮ್ಮ ಆಚಾರಿಗಳ ಕೀಸುಳಿಯೇ ಅಲ್ಲಿ ರಂದಾ. ಹೆಚ್ಚು ತೆಗೆಯಲಿಲ್ಲ, ಬಾಗು ನೇರವಾಗುವಷ್ಟು ಮಾತ್ರ. ಹಾಗೆ ತೆಗೆದುದರ ಬದಲಿಗೆ ಹೊಸ ಪಟ್ಟಿ ಅಂಟಿಸಬೇಕು. ಸಾಗವಾನಿಯ ಚೂರು ಕೈಯಲ್ಲೇ ಇದ್ದರೂ ಕಾಕಾ ಅದನ್ನು ಬಿಟ್ಟು, ಮುರಿದ ಎತ್ತಿನ ಗಾಡಿಯ ಚಕ್ರದ ಜಾಲಿಯ ಕಾಲೊಂದನ್ನು ತರಿಸಿ ಸೀಳಿದರು. ಕರಿಜಾಲಿ ಗಟ್ಟಿ ಮರ, ಗಾಡಿಯ ಚಕ್ರಕ್ಕೂ ನೇಗಿಲಿಗೂ ಆ ಸೀಮೆಯಲ್ಲಿ ಅದೇ. ವರ್ಷಾನುಗಟ್ಟಲೆ ಬಿಸಿಲು ಕುಡಿದ ಆ ಕಾಲು ಇನ್ನು ಕುಗ್ಗುವ ಭಯವಿಲ್ಲ. ನಮ್ಮಲ್ಲಾದರೆ ಚೆನ್ನಾಗಿ ಒಣಗಿದ ಕಿರಾಲ್‌ಬೋಗಿಯೋ ತೇಗದ ಚೇಗೋ ಸಾಕು. ಹಸಿ ಮರ ಮಾತ್ರ ಯಾವ ಕಾರಣಕ್ಕೂ ಕೂಡದು. ಪಟ್ಟಿಯ ಎಳೆ ಖಾನೆ ಜಾರುವ ದಿಕ್ಕಿಗೇ ಇರಬೇಕು, ಅಡ್ಡ ಎಳೆಯಾದರೆ ಚಿಬುರು ಏಳುತ್ತದೆ.

ಅಂಟಿಸಲು ಬಿಳಿ ಅಂಟು. ಫೆವಿಕಾಲ್ ಬಂದದ್ದು 1959ರಲ್ಲಿ, ಅದಕ್ಕೆ ಮೊದಲು ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ ಸರೇಸು. ಹಳೆಯ ಪೆಟ್ಟಿಗೆಗಳ ಕೀಲುಗಳಲ್ಲಿ ಕಂದು ಬಣ್ಣದ ಗಾಜಿನ ಚೂರಿನಂತೆ ಉದುರುವುದು ಅದೇ. ಸರೇಸಿನ ಒಂದು ಗುಣವೆಂದರೆ ಬಿಸಿನೀರು ತಾಗಿಸಿದರೆ ಬಿಡುತ್ತದೆ, ಕೀಲನ್ನು ಮುರಿಯದೆ ಬಿಚ್ಚಬಹುದು. ಆದರೆ ಹಳೆ ಸರೇಸಿನ ಮೇಲೆಯೇ ಬಿಳಿ ಅಂಟು ಹಚ್ಚಿದರೆ ಹಿಡಿಯುವುದಿಲ್ಲ. ಮೊದಲು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಕೆರೆದು, ಮರದ ಮೈ ಕಾಣುವಂತೆ ಮಾಡಿ, ಒಣಗಿಸಿಕೊಳ್ಳಬೇಕು. ಕಾಕಾನ ಬಳಿ ಕಬ್ಬಿಣದ ಹಿಡಿಕೆಯಂತ್ರಗಳು ಇರಲಿಲ್ಲ. ಹಗ್ಗ ಸುತ್ತಿ, ನಡುವೆ ಒಂದು ಕೋಲು ತೂರಿಸಿ ತಿರುಚಿ, ಕೋಲನ್ನು ಕಟ್ಟಿಬಿಟ್ಟರು. ಇಪ್ಪತ್ತನಾಲ್ಕು ಗಂಟೆ ಮುಟ್ಟಕೂಡದೆಂದು ಹುಡುಗರಿಗೆ ತಾಕೀತು.

ಮರುದಿನ ಪಟ್ಟಿಯನ್ನು ಹದಕ್ಕೆ ಕೀಸಿ, ಖಾನೆಯನ್ನು ಶಹಾಬಾದಿನ ಕಲ್ಲಿನ ಮೇಲೆ ಇಟ್ಟು ನಾಲ್ಕು ಮೂಲೆಗಳನ್ನೂ ಒತ್ತಿ ನೋಡಿದರು. ಕುಂಟಿದರೆ ಎತ್ತರದ ಕಡೆ ಇನ್ನೊಂದೆಳೆ ಕೀಸುವುದು. ನುಣುಪಾದ ಕಲ್ಲುನೆಲ ಒಳ್ಳೆಯ ಮಟ್ಟಪಲಗೆಯೆಂದು ಅಂದು ತಿಳಿಯಿತು. ಒಳಗಿನ ಅಡಿಪಟ್ಟಿಗಳಿಗೆ ಅಷ್ಟು ಶ್ರಮವಾಗಲಿಲ್ಲ. ಬಿಚ್ಚಿ ತಲೆಕೆಳಗು ಮಾಡಿ ಹಾಕಿದರೆ ಸವೆಯದ ಮೈ ಮೇಲಕ್ಕೆ ಬಂತು.

ಆದರೆ ಅವುಗಳನ್ನು ಮತ್ತೆ ಕೂರಿಸುವಾಗ ಒಂದು ಸೂಕ್ಷ್ಮವಿದೆ. ಪೆಟ್ಟಿಗೆಯ ಪಕ್ಕದ ಅಗಲ ಹಲಗೆಯಲ್ಲಿ ಎಳೆ ಮೇಲಿನಿಂದ ಕೆಳಕ್ಕೆ, ಅಡಿಪಟ್ಟಿಯಲ್ಲಿ ಮುಂದಿನಿಂದ ಹಿಂದಕ್ಕೆ. ಮರ ಉದ್ದಕ್ಕೆ ಹಿಗ್ಗುಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಕಣ್ಣಿಗೆ ಕಾಣುವಷ್ಟು. ಒಂದಡಿ ಅಗಲದ ತೇಗದ ಹಲಗೆಯಲ್ಲಿ ಮಳೆಗಾಲಕ್ಕೂ ಬೇಸಗೆಗೂ ಎರಡು ಮೂರು ಮಿಲಿಮೀಟರಿನ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ. ಹೀಗಿರಲು ಅಡಿಪಟ್ಟಿಯನ್ನು ಉದ್ದಕ್ಕೂ ಮೊಳೆ ಬಡಿದು ಬಿಗಿದುಬಿಟ್ಟರೆ ಪಕ್ಕದ ಹಲಗೆಗೆ ಕುಗ್ಗಲು ಜಾಗವೆಲ್ಲಿ? ಅದು ಸೀಳಲೇಬೇಕು. ಆ ಪೆಟ್ಟಿಗೆಗೆ ಹಿಂದೆಂದೋ ಯಾರೋ ಐದೈದು ಮೊಳೆ ಬಡಿದಿದ್ದರು, ಪಕ್ಕ ತಲೆಯಿಂದ ಕಾಲಿನ ತನಕ ಬಿರುಕು ಬಿಟ್ಟಿತ್ತು. ಕಾಕಾ ಮುಂದಿನ ತುದಿಗೆ ಮಾತ್ರ ಅಂಟು ಹಚ್ಚಿ ತಿರುಪು ಹಾಕಿದರು. ಹಿಂದಿನ ತುದಿಯ ತೂತನ್ನು ಉದ್ದುದ್ದ ಮಾಡಿ, ತಿರುಪನ್ನು ಸ್ವಲ್ಪ ಸಡಿಲವಾಗಿಯೇ ಬಿಟ್ಟರು. ಬಿಗಿಯುವುದಕ್ಕಿಂತ ಎಲ್ಲಿ ಬಿಡಬೇಕೆಂಬುದು ತಿಳಿದವನೇ ಬಡಿಗನೆಂದು ನಮಗೆ ತೋರಿತು.

ತಳದ ಹಲಗೆಗಳ ಕಥೆಯೂ ಇದೇ. ಅವು ಒಣಗಿ ಕುಗ್ಗಿದಾಗ ಮುಂದಿನ ತೋಡಿನಿಂದ ಕಳಚಿಕೊಳ್ಳುತ್ತವೆ, ಮನೆಯವರು ತಳ ಮುರಿಯಿತೆನ್ನುತ್ತಾರೆ. ಮುರಿದಿರುವುದಿಲ್ಲ. ಹಿಂದಿನ ಮೊಳೆ ಕಿತ್ತು, ಹಲಗೆಯನ್ನು ಮುಂದಕ್ಕೆ ತಳ್ಳಿ ತೋಡಿಗೆ ಸೇರಿಸಿ, ಹಿಂದೆ ಒಂದೆರಡು ಮೊಳೆ ಹೊಡೆದರೆ ಕೆಲಸ ಮುಗಿಯಿತು, ಕಾಲು ಗಂಟೆಯದ್ದು. ಸೀಳಿದ್ದರೆ ಅಡಿಯಿಂದ ಹಳೆ ಧೋತರದ ಪಟ್ಟಿಯನ್ನು ಅಂಟಿನಲ್ಲಿ ಅದ್ದಿ ಬಳಿಯುವುದು. ಕೊನೆಗೆ ಜಾರುವ ಮೈಗೆಲ್ಲ ಜೇನುಮೇಣ ತಿಕ್ಕಿ, ಖಾನೆಗಳನ್ನು ಅಂಕಿ ನೋಡಿ ಕೂರಿಸಿ, ಕಾಕಾ ಆಯಿಯನ್ನು ಕರೆದು "ಎಳದ ನೋಡ್ರಿ" ಎಂದರು. ಆಯಿ ಒಂದು ಬೆರಳಿನಿಂದ ಎಳೆದರು, ಬಂತು. ಎರಡು ದಿನದ ಕೂಲಿ ಕೊಟ್ಟದ್ದು ಅದೇ ಮಗ.

ನಮ್ಮ ಹವೆಗೆ ತಕ್ಕಂತೆ

ಅಕ್ಕಲಕೋಟದಲ್ಲಿ ಕಂಡದ್ದನ್ನು ಕಾಸರಗೋಡಿಗೆ ಹಾಗೆಯೇ ತರುವಂತಿಲ್ಲ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಆರೇಳುನೂರು ಮಿಲಿಮೀಟರಿನ ಆಸುಪಾಸು, ಇಲ್ಲಿ ಮೂರು ಸಾವಿರವನ್ನೂ ಮೀರುತ್ತದೆ. ಅಲ್ಲಿ ಮರದ ವೈರಿ ಒಣಹವೆ, ಇಲ್ಲಿ ತೇವ. ಅಲ್ಲಿ ಖಾನೆ ಸಡಿಲವಾಗುತ್ತದೆ, ಇಲ್ಲಿ ಕಚ್ಚುತ್ತದೆ.

ಆದುದರಿಂದ ಮುಖ್ಯವಾದ ಮಾತು, ಮಳೆಗಾಲದಲ್ಲಿ ಕಚ್ಚಿದ ಖಾನೆಗೆ ಮಳೆಗಾಲದಲ್ಲೇ ಕೀಸುಳಿ ಹಾಕಿಸಬಾರದು. ಉಬ್ಬಿದ್ದನ್ನು ಕೀಸಿ ತೆಗೆದರೆ ಬೇಸಗೆಯಲ್ಲಿ ಅದು ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ, ಆಮೇಲೆ ಸೇರಿಸುವುದು ಕಷ್ಟ. ಆಚಾರಿಗೆ ಹೇಳುವುದಿದ್ದರೆ ಮಕರ, ಕುಂಭದಲ್ಲಿ ಹೇಳಿ. ಮಳೆಯಲ್ಲಿ ಖಾನೆ ಬಾರದೆ ಹೋದರೆ ಅದರ ಮೇಲಿನದನ್ನು ತೆಗೆದು, ಒಳಗೆ ಕೈ ಹಾಕಿ, ಭಾರದ ಸಾಮಾನುಗಳನ್ನು ಮೊದಲು ಹೊರಗಿಟ್ಟು, ಹಿಂದಿನಿಂದ ಮೆಲ್ಲನೆ ನೂಕಬೇಕು. ಮೇಲಿನದೂ ಕಚ್ಚಿದ್ದರೆ ಪೆಟ್ಟಿಗೆಯ ಬೆನ್ನಿನ ಹಲಗೆ ಬಿಚ್ಚಿ ನೂಕುವುದು. ಹೊರಗೆ ಬಂದದ್ದನ್ನು ಬಿಸಿಲಿಗೆ ಇಟ್ಟು ಬಗ್ಗಿಸಬೇಡಿ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಒಲೆಯ ಬೆಚ್ಚಗಿನ ಗಾಳಿಗೆ ವಾರವಿಟ್ಟರೆ ತಾನೇ ಹದಕ್ಕೆ ಬರುತ್ತದೆ. ಮತ್ತೆ ಹಾಕುವ ಮೊದಲು ಮೇಣದಬತ್ತಿ ತಿಕ್ಕಿ. ತೆಂಗಿನ ನಾಡಿನವರಾದ ನಮಗೆ ಎಲ್ಲದಕ್ಕೂ ತೆಂಗಿನೆಣ್ಣೆಯೇ ಕೈಗೆ ಬರುವುದು, ಇಲ್ಲಿ ಮಾತ್ರ ಅದು ಬೇಡ. ಎಣ್ಣೆ ಮರದೊಳಗೆ ಇಳಿದು, ಧೂಳು ಕೂಡಿಸಿ, ಅಂಟಂಟಾಗಿ, ಒಳಗಿನ ಬಟ್ಟೆಗೆ ಕಲೆಯನ್ನೂ ಕಾಗದಕ್ಕೆ ಜಿಡ್ಡನ್ನೂ ಹಚ್ಚುತ್ತದೆ. ಸಾಬೂನನ್ನೂ ಕೆಲವರು ತಿಕ್ಕುವುದುಂಟು, ಅದು ತೇವ ಹೀರುವುದರಿಂದ ನಮ್ಮ ಹವೆಗೆ ಹೇಳಿಸಿದ್ದಲ್ಲ.

ಪೆಟ್ಟಿಗೆಯನ್ನು ಗೋಡೆಗೆ ತಾಗಿಸಿ ಇಡದೆ ಒಂದು ಗೇಣು ಬಿಡುವುದು, ಕಾಲುಗಳ ಕೆಳಗೆ ಕಲ್ಲಿನ ಚೂರು ಕೊಡುವುದು, ಇವೆರಡರಿಂದ ತೇವವೂ ಗೆದ್ದಲೂ ಅರ್ಧಕ್ಕರ್ಧ ದೂರ. ಗೆದ್ದಲಿನ ಮಣ್ಣಿನ ದಾರಿ ಗೋಡೆಯಲ್ಲಿ ಕಣ್ಣಿಗೆ ಬೀಳುವುದೂ ಆಗಲೇ. ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹಿಡಿದಿದೆಯೆಂದು ಅರ್ಥ. ಅದು ತೇಗದ ಚೇಗಿಗೆ ಹೋಗುವುದು ಅಪರೂಪ, ಬಿಳಿ ಮರಕ್ಕೂ ಅಗ್ಗದ ಮರದ ತಳಕ್ಕೂ ಹೋಗುತ್ತದೆ. ಸೀಮೆಎಣ್ಣೆ ಬಳಿಯುವುದು ನಮ್ಮ ರೂಢಿ, ಅದು ಆರಿಹೋಗುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರನ್ನು ಪಾಲಿಶ್ ಇಲ್ಲದ ಒಳಮೈಗೆ ಬಳಿದರೆ ಮರದಲ್ಲಿ ಉಳಿಯುತ್ತದೆ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು, ಬಳಿದ ಮರ ಪೂರ್ತಿ ಒಣಗಿದ ಮೇಲೆಯೇ ಸಾಮಾನು ಇಡಬೇಕು.

ಹಿಡಿಯ ತಿರುಪು ಸುಮ್ಮನೆ ಸುತ್ತುತ್ತಿದ್ದರೆ ತೂತಿಗೆ ಅಂಟಿನಲ್ಲಿ ಅದ್ದಿದ ಬಿದಿರಿನ ಸಿಗುರು ತೂರಿಸಿ, ಒಣಗಿದ ಮೇಲೆ ತಿರುಪು ಹಾಕಿದರೆ ಹಿಡಿಯುತ್ತದೆ. ಬೀಗ ಬಿಗಿಯಾದರೆ ಎಣ್ಣೆಯ ಬದಲು ಪೆನ್ಸಿಲಿನ ಸೀಸವನ್ನು ಪುಡಿಮಾಡಿ ಕೀಲಿಕೈಗೆ ಹಚ್ಚಿ ನಾಲ್ಕು ಸಲ ತಿರುಗಿಸುವುದು. ಶಾಲೆಯ ಮೇಜುಗಳಿಗೆ ನಾವು ಮಾಡುವುದೂ ಇದನ್ನೇ.

ಉಕ್ಕಿನ ಕಪಾಟು ಕೊಂಡರೆ ಈ ರಗಳೆಯೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಗೋದ್ರೇಜ್ ಕಂಪನಿ 1923ರಲ್ಲೇ ಉಕ್ಕಿನ ಕಪಾಟು ಮಾಡತೊಡಗಿತು, ಅದರ ಗಟ್ಟಿತನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಡಲ ಉಪ್ಪುಗಾಳಿಗೆ ಕಾಲು ತುಕ್ಕು ಹಿಡಿದ ಉಕ್ಕಿಗೆ ಪಟ್ಟಿ ಅಂಟಿಸುವ ಆಚಾರಿ ಎಲ್ಲಿದ್ದಾನೆ?

ಮಾರುವುದೇ ನಿಶ್ಚಯವಾದರೂ ಎಲ್ಲ ಖಾನೆಗಳನ್ನೂ ಪೂರ್ತಿ ಹೊರಗೆ ತೆಗೆದು, ಹಿಂದೆ ಏನು ಬಿದ್ದಿದೆಯೆಂದು ದೀಪ ಹಿಡಿದು ನೋಡದೆ ಕೊಡಬೇಡಿ. 1956ರ ನವೆಂಬರ್ 1ಕ್ಕೆ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಆ ಕಾಲದ ಪಟ್ಟೆ, ಗೇಣಿಚೀಟು, ಶಾಲೆಯ ಸರ್ಟಿಫಿಕೇಟು ಎಲ್ಲ ಕನ್ನಡ ಅಕ್ಷರದಲ್ಲಿವೆ. ಗುಜರಿ ಅಂಗಡಿಯಲ್ಲಿ ಅದನ್ನು ಓದಿ ನೋಡಿ ತಿರುಗಿ ಕೊಡುವವರು ಸಿಗುವರೆಂಬ ಭರವಸೆಯಿಲ್ಲ. ಅಕ್ಕಲಕೋಟದ ಆ ಪೆಟ್ಟಿಗೆಗೆ ಬಡಿಗೇರ ಕಾಕಾ ಹೋಗುವ ಮೊದಲು ಇನ್ನೊಂದು ಕೆಲಸ ಮಾಡಿದರು. ಪ್ರತಿ ಖಾನೆಯ ಹಿಂದಿನ ಹಲಗೆ ಪಕ್ಕದ ಹಲಗೆಗಳಿಗಿಂತ ಎರಡು ಬೆರಳು ತಗ್ಗಾಗಿತ್ತು, ಕಾಗದ ಜಾರಿದ್ದು ಆ ಸಂದಿಯಿಂದಲೇ. ಉಳಿದ ಜಾಲಿಯ ಚೂರನ್ನು ಸೀಳಿ ಆ ತಗ್ಗಿಗೆ ಒಂದೊಂದು ತೆಳ್ಳನೆಯ ಪಟ್ಟಿ ಕೂರಿಸಿ, ಎರಡು ತುದಿಗೆ ಎರಡು ಸಣ್ಣ ಮೊಳೆ ಹೊಡೆದರು.